ಸೋನಾಬಾಯಿಯ ಉಪ್ಪುನೀರಿನ ಸಂಸಾರ

ನಿಪ್ಪಾಣಿಯ ತಂಬಾಕು ವ್ಯಾಪಾರಿ ದಾದಾಸಾಹೇಬರ ಹೆಂಡತಿ ಸೋನಾಬಾಯಿ ಹಟಕ್ಕೆ ಬಿದ್ದರೆ ಯಾರಪ್ಪನ ಮಾತನ್ನೂ ಕೇಳುವವಳಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯವರು ಬಣ್ಣದ ಟಿ.ವಿ. ತಂದು ಮೆರೆಯುತ್ತಿದ್ದಾಗ ಈಕೆ ಪಡಸಾಲೆಗೆ ಸಮುದ್ರವನ್ನೇ ತರಿಸಿದಳು. ರತ್ನಾಗಿರಿಯಲ್ಲಿದ್ದ ತಮ್ಮ ನೇಮಿನಾಥ ಕ್ಯಾನುಗಟ್ಟಲೆ ಉಪ್ಪುನೀರು, ಕಲ್ಲುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟಿಯಿದ್ದ ಒಂದು ಜೋಡಿ ಮೀನು ಲಾರಿಯಲ್ಲಿ ಕಳಿಸಿದ್ದ. ಗಾಜಿನ ತೊಟ್ಟಿ ನೋಡಲು ಊರೇ ಬರುತ್ತಿತ್ತು. ಚಹಾದ ನೆಪ ಮಾಡಿ ನಾನೂ ಹೋಗುತ್ತಿದ್ದೆ.

ಕಲ್ಲುಗಳ ಜೊತೆ ಕರೆಯದ ನೆಂಟರೂ ಬಂದಿದ್ದರು: ಹೂವಿನಂತೆ ಅರಳುವ, ತಾಗಿದರೆ ಚುಚ್ಚುವ ಕಂದು ಬಣ್ಣದ ಪುಟ್ಟ ಪ್ರಾಣಿಗಳು. ಸೋನಾಬಾಯಿ ಅವಕ್ಕೆ ತುರಚಿ ಹೂ ಎಂದು ಹೆಸರಿಟ್ಟಳು. ದಾದಾಸಾಹೇಬರು ಸಿಟ್ಟಿಗೆದ್ದು ಒಂದನ್ನು ಕೆರೆದು ಹಾಕಿದರೆ ಉಳಿದ ಚೂರುಗಳಿಂದ ಹತ್ತು ಹುಟ್ಟಿದವು. ಥೇಟ್ ರಕ್ತಬೀಜಾಸುರನ ಸಂತತಿ! ಚುಚ್ಚಿಸಿಕೊಂಡ ಮೀನುಗಳು ಮೂಲೆ ಹಿಡಿದವು.

ಒಬ್ಬರು ಸುಣ್ಣ ಹಾಕಿ ಸಾಯಿಸು ಎಂದರು. ಅವನ್ನು ತಿನ್ನುವ ಬೇರೆ ಮೀನು ಕಳಿಸುತ್ತೇನೆ ಎಂದು ನೇಮಿನಾಥ ಹೇಳಿದ.

"ಅವೂ ಜೀವ ಅಲ್ಲೇನು? ಕೊಲ್ಲೂ ಮಾತು ನನ್ನ ಮುಂದ ಆಡಬ್ಯಾಡ್ರಿ," ಅಂದಳು ಸೋನಾಬಾಯಿ.

"ಹಂಗಾರ ದೀಪಾವಳಿಗೆ ಈ ತೊಟ್ಟಿ ಖಾಲಿ ಮಾಡ್ತೀನಿ. ಮೀನ ಸಾಯೂದು ನನ್ನ ಕಣ್ಣಿಲೆ ನೋಡಾಕ ಆಗಂಗಿಲ್ಲ," ಎಂದರು ದಾದಾಸಾಹೇಬರು.

ಅವತ್ತು ಸಂಜೆ ಆಕೆ ತೊಟ್ಟಿಯ ಮುಂದೆ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು. ವ್ಯಾಪಾರದ ಮಾತಿಗೆ ಬಂದವರೆಲ್ಲ ಪಕ್ಕದ ಡಬ್ಬಿಯಿಂದ ಮೀನಿನ ಆಹಾರ ತೆಗೆದು, ಅಕ್ಷತೆ ಹಾಕಿದ ಹಾಗೆ ಒಂದೊಂದು ಚಿಟಿಕೆ ಉದುರಿಸುತ್ತಿದ್ದರು. ಮೀನು ತಿನ್ನದೆ ಬಿಟ್ಟದ್ದು ತಳಕ್ಕಿಳಿಯುತ್ತಿತ್ತು, ತುರಚಿ ಹೂಗಳು ಬಾಚಿ ನುಂಗುತ್ತಿದ್ದವು. ಉಂಡು ಕೊಬ್ಬಿದ್ದು ಅವೇ!

"ಹೊತ್ತು ಮುಣುಗಿದ ಮ್ಯಾಲೆ ನಮ್ಮ ಜೈನರ ಮನ್ಯಾಗ ಯಾರೂ ಉಣ್ಣಂಗಿಲ್ರಿ. ಮೀನೇನು ಹೊರಗಿನವ?" ಎಂದು ಆಕೆ ಡಬ್ಬಿಯನ್ನು ಕಪಾಟಿಗೆ ಸೇರಿಸಿದಳು.

ಮುಂದೆ ಬೆಳಿಗ್ಗೆ ಮಾತ್ರ, ಮೀನು ತಿಂದು ಮುಗಿಸುವಷ್ಟೇ ಆಹಾರ. ಹೂಗಳು ಸೊರಗಿ ಕುಗ್ಗಿದವು, ಹೊಸವು ಹುಟ್ಟಲಿಲ್ಲ. ಆಗ ಅವು ಅಂಟಿದ್ದ ಕಲ್ಲುಗಳನ್ನೆತ್ತಿ ಉಪ್ಪುನೀರಿನ ಕ್ಯಾನಿಗಿಳಿಸಿ ರತ್ನಾಗಿರಿಯ ಲಾರಿಗೆ ಹೇರಿಸಿದಳು. "ತವರಿಗೆ ಹೊಂಟಾವಪಾ, ಸಮುದ್ರಕ್ಕ ಜ್ವಾಪಾನಾಗಿ ಮುಟ್ಟಸು," ಎಂದು ಡ್ರೈವರನಿಗೆ ತಾಕೀತು ಮಾಡಿದಳು. ನನಗಂತೂ ನಗು ತಡೆಯಲಾಗಲಿಲ್ಲ.

ಹೂಗಳು ಹೋದರೂ ಆಡಿದ ಮಾತು ಆಡಿದ್ದೇ ಎಂದು ದೀಪಾವಳಿಯ ಬೆಳಿಗ್ಗೆ ದಾದಾಸಾಹೇಬರು ಬಕೆಟ್ ಹಿಡಿದು ಬಂದರು. ಸೋನಾಬಾಯಿ ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಬರ್ರಿ, ನೋಡ್ರಿ! ನಿಪ್ಪಾಣ್ಯಾಗ ಸಮುದ್ರದ ಮೀನ ತತ್ತಿ ಇಟ್ಟೈತಿ!"

ತೊಟ್ಟಿಯಲ್ಲಿ ಉಳಿದಿದ್ದ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ತತ್ತಿಗಳ ಸಾಲು. ಜೋಡಿಯಲ್ಲಿ ಸಣ್ಣದಾಗಿದ್ದ ಮೀನು ಅವುಗಳ ಮುಂದೆ ನಿಂತು ರೆಕ್ಕೆ ಬೀಸುತ್ತಿತ್ತು.

"ಅದು ಗಂಡ ಮೀನರಿ. ತತ್ತಿಗೆ ಗಾಳಿ ಹಾಕಾಕತ್ತೈತಿ. ನಮ್ಮ ಮಗಳು ಹುಟ್ಟಿದಾಗ ನೀವು ತೊಟ್ಟಿಲಾ ಒಂದ್ ಸಲನರ ತೂಗಿದ್ರೇನು?"

ದಾದಾಸಾಹೇಬರು ಬಕೆಟ್ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು, ಓಣಿಗೆಲ್ಲ ಹಂಚಲು ಪೇಢೆ ತರಲಿಕ್ಕೆ.