ಅರೇಬಿಕ್ ಪಠಣಕ್ಕೆ ನಮ್ಮ ಹುಡುಗಿ

ಮಾತಾಡುವುದೆಂದರೆ ನನಗೆ ಸಣ್ಣಂದಿನಿಂದ ಹುಚ್ಚು. ನಾಲತವಾಡದ ಪೇಟೆಯಲ್ಲಿ ಅಪ್ಪನದು ಗಾದಿ ಹೊಲಿಯುವ ಅಂಗಡಿ. ಶಾಲೆ ಬಿಟ್ಟವಳೇ ಅಲ್ಲಿ ಹೋಗಿ ಹತ್ತಿಯ ರಾಶಿಯ ಪಕ್ಕ ಕೂತು ಗಿರಾಕಿಗಳ ಜೊತೆ ಹರಟೆಗೆ ಇಳಿಯುತ್ತಿದ್ದೆ. ಮದುವೆಯ ಗಾದಿ ಮಾಡಿಸಲು ಬಂದ ಹೆಂಗಸರು ಹತ್ತಿ ಹಳೆಯದು, ಹೊಲಿಗೆ ಸಡಿಲು ಎಂದು ತಕರಾರು ತೆಗೆದರೆ ಅಪ್ಪ ಸುಮ್ಮನೆ ಸೂಜಿ ಓಡಿಸುತ್ತಿದ್ದ. ನಾನು ಬಿಡುತ್ತಿರಲಿಲ್ಲ. "ಈಕಿ ಬಾಯಿಗೆ ಬೀಗ ಹಾಕವ್ರು ಇನ್ನ ಹುಟ್ಟಿಲ್ಲ ನೋಡಪಾ" ಎಂದು ನಗುತ್ತ ಅವರು ಮುಂಗಡ ಕೊಟ್ಟು ಹೋಗುತ್ತಿದ್ದರು.

ನಮ್ಮದು ಮುಸಲ್ಮಾನರ ಮನೆ. ಅಪ್ಪನ ಅಜ್ಜನಿಗೂ ಹಿಂದಿನಿಂದ ಇದೇ ಸೀಮೆ, ಇದೇ ಕನ್ನಡ. ಉರ್ದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ತಾಳಿಕೋಟೆಯಲ್ಲಿರುವ ಬೀಗರು ಉರ್ದು ಆಡುತ್ತಾರೆ. ಅವರು ಮನೆಗೆ ಬಂದರೆ ಅವ್ವ ಎರಡು ಸಲ "ಹಾಂ ಜೀ" ಎಂದು ಹೇಳಿ ಚಹಾದ ನೆಪದಲ್ಲಿ ಅಡುಗೆಮನೆ ಸೇರಿಬಿಡುತ್ತಿದ್ದಳು. ಅವರು ಹೋಗುವವರೆಗೂ ಆ ಚಹಾ ಕುದಿಯುತ್ತಲೇ ಇರುತ್ತಿತ್ತು.

ಎಂಟನೆಯ ತರಗತಿಗೆ ಹೈಸ್ಕೂಲು ಸೇರಿದಾಗ ಪ್ರತಿಭಾ ಕಾರಂಜಿಯ ವಿಷಯ ಗೊತ್ತಾಯಿತು. ಹಾಡು, ರಂಗೋಲಿ, ಮಿಮಿಕ್ರಿ, ಭಾಷಣ, ಕವ್ವಾಲಿ, ಸಂಸ್ಕೃತ ಪಠಣ, ಅರೇಬಿಕ್ ಪಠಣ, ಹೀಗೆ ಸ್ಪರ್ಧೆಗಳ ಜಾತ್ರೆಯೇ ಅದು. ಮೊದಲು ಸುತ್ತಲಿನ ಶಾಲೆಗಳ ನಡುವೆ, ಗೆದ್ದವರಿಗೆ ಮುದ್ದೇಬಿಹಾಳದಲ್ಲಿ ತಾಲ್ಲೂಕು ಮಟ್ಟದ್ದು, ಅಲ್ಲಿಂದ ಜಿಲ್ಲೆಗೆ. ನನ್ನ ಕಣ್ಣು ಬಿದ್ದದ್ದು ಆಶುಭಾಷಣದ ಮೇಲೆ. ಒಂದು ಚೀಟಿ ಎತ್ತಬೇಕು, ಅದರಲ್ಲಿ ಬಂದ ವಿಷಯದ ಬಗ್ಗೆ ಒಂದಿಷ್ಟು ಹೊತ್ತು ಯೋಚಿಸಿ ಎದ್ದು ನಿಂತು ಮಾತಾಡಬೇಕು. ಬಾಯಿಪಾಠ ನಡೆಯುವುದಿಲ್ಲ. ಇದು ದೇವರು ನನಗಾಗಿಯೇ ಇಟ್ಟ ಸ್ಪರ್ಧೆ ಎಂದುಕೊಂಡೆ.

ತಯಾರಿಯ ಹೊಣೆ ಕನ್ನಡ ಸರ್ ಅವರದು. ತರಗತಿಯಲ್ಲೇ ಒಂದು ಪರೀಕ್ಷೆ ಇಟ್ಟರು. ನನಗೆ ಬಂದ ಚೀಟಿ 'ಬಾಗಿಲು'. ನಮ್ಮ ಓಣಿಯಲ್ಲಿ ಕಳ್ಳರಿಗೆ ಹೆದರಿ ಯಾರೂ ಬಾಗಿಲು ಹಾಕುವುದಿಲ್ಲ, ಮಾವಿನಹಣ್ಣಿನ ಸೀಕರಣೆ ಮಾಡಿದ ದಿನ ಮಾತ್ರ ಎಲ್ಲರ ಬಾಗಿಲೂ ಹಾಕಿರುತ್ತದೆ ಎಂದು ಶುರುಮಾಡಿದೆ. ಹುಡುಗರು ಬೆಂಚು ಬಡಿದು ನಕ್ಕರು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಲ್ಲಿ ಇಟ್ಟಿದ್ದೆವಾ ಈ ಮಾತೆಲ್ಲಾ ಇಷ್ಟು ದಿನ?" ಎಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ.

ಎರಡು ದಿನ ಬಿಟ್ಟು ಯಾರು ಯಾವುದಕ್ಕೆ ಎಂದು ಸರ್ ತರಗತಿಯಲ್ಲಿ ಓದಿ ಹೇಳಿದರು. ಆಶುಭಾಷಣಕ್ಕೆ ನನ್ನ ಬೆಂಚಿನ ಗೆಳತಿ. ನಾನು ಅರೇಬಿಕ್ ಪಠಣಕ್ಕೆ. ತಪ್ಪಿ ಓದಿರಬೇಕೆಂದು ಅವರ ಹಿಂದೆಯೇ ಸ್ಟಾಫ್ ರೂಮಿನವರೆಗೆ ಹೋದೆ.

"ಸರ್, ನನಗ ಅರೇಬಿಕ್ ಬರಂಗಿಲ್ರಿ."

"ಬರಂಗಿಲ್ಲಂದ್ರ? ನಿಮ್ಮ ಮನ್ಯಾಗ ನಮಾಜ್ ಮಾಡಂಗಿಲ್ಲೇನು?"

"ಅಪ್ಪ ಮಾಡ್ತಾನ್ರಿ."

"ಮತ್ತ? ಅದನ್ನ ಕೇಳಿ ಕಲ್ತು ಹೇಳಿದ್ರ ಆತು."

"ನಾ ಆಶುಭಾಷಣ ಮಾಡ್ತೇನ್ರಿ ಸರ್. ನೀವ ಚಲೋ ಮಾತಾಡಿದಿ ಅಂದಿದ್ರಿ."

"ಅಂದೇನಿ, ಇಲ್ಲ ಅನ್ನಂಗಿಲ್ಲ. ಆದ್ರ ಅದಕ್ಕ ಹತ್ತು ಮಂದಿ ಸಿಗ್ತಾರ. ಇದಕ್ಕ ನಮ್ಮ ಸಾಲ್ಯಾಗ ನೀ ಒಬ್ಬಾಕಿನ ಅದಿ. ಸುತ್ತಲಿನ ಸಾಲ್ಯಾಗೂ ಯಾರೂ ಇಲ್ಲ. ಹೋಗಿ ನಿಂತ್ರ ಸಾಕು, ಫಸ್ಟ್. ಸಾಲಿ ಹೆಸರು ಬರ್ತೈತಿ."

ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ತಮ್ಮ ಮೊಬೈಲಿನಲ್ಲಿ ಯಾರೋ ಕುರಾನ್ ಪಠಣ ಮಾಡುವುದನ್ನು ಹಚ್ಚಿ, ಮತ್ತೆ ಮತ್ತೆ ಕೇಳಿ, ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಹಣೆಗೆ ವಿಭೂತಿ ಹಚ್ಚಿಕೊಂಡ ಮನುಷ್ಯ ಕಿವಿಗೆ ಮೊಬೈಲು ಹಿಡಿದು, ಇದು ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ನನ್ನನ್ನೇ ಕೇಳುತ್ತಿದ್ದರು. ನನಗೇನು ಗೊತ್ತು, ನನ್ನ ಕರ್ಮ. ಮನೆಯಲ್ಲಿ ಕೂತು ಅದನ್ನು ಓದತೊಡಗಿದಾಗ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ವಜೂ ಮಾಡ್ಕೊಂಡು, ತಲಿ ಮ್ಯಾಲ ಓಡ್ನಿ ಹೊತ್ಕೊಂಡು ಓದವಾ. ಪಂದ್ಯಾಕ್ಕ ಒದರೂದಲ್ಲ ಅದು."

"ಸರ್ ಹೇಳ್ಯಾರ."

"ಯಾರ ಹೇಳಿದ್ರೂ ಅಷ್ಟ."

ಕೈಕಾಲು ಮುಖ ತೊಳೆದು ಬಂದು ಮತ್ತೆ ಕೂತೆ. ಸಂಜೆ ಗೆಳತಿ ಬರುತ್ತಿದ್ದಳು. ಅವಳಿಗೆ ವೇದಿಕೆ ಎಂದರೆ ಕೈ ಬೆವರುವುದು. ಯಾವ ವಿಷಯ ಬಂದರೂ ಮೊದಲ ಮಾತು ನಿಮ್ಮ ಓಣಿಯದೇ ಹೇಳು, ಜನ ಕಿವಿ ಕೊಡುತ್ತಾರೆ ಎಂದು ಅವಳಿಗೆ ಕಲಿಸಿದವಳು ನಾನು. ಹಾಗೆ ಕಲಿಸುವಾಗ ನನ್ನದೇ ತುತ್ತನ್ನು ಇನ್ನೊಬ್ಬರ ಬಾಯಿಗೆ ಇಟ್ಟಂತೆ ಆಗುತ್ತಿತ್ತು. ಆದರೂ ಕಲಿಸಿದೆ, ಅವಳ ತಪ್ಪೇನೂ ಇರಲಿಲ್ಲ.

ಮೊದಲ ಸುತ್ತಿನಲ್ಲಿ ನಾನೊಬ್ಬಳೇ ಸ್ಪರ್ಧಿ. ತೀರ್ಪು ಕೊಡಲು ಕೂತವರು ಬೇರೆ ಶಾಲೆಯ ಗಣಿತದ ಮೇಷ್ಟ್ರು. ನಾನು ಮುಗಿಸಿದ್ದು ಅವರಿಗೆ ತಿಳಿಯದೆ ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದರು. ಪ್ರಥಮ. ಮುದ್ದೇಬಿಹಾಳದಲ್ಲಿ ಇಬ್ಬರಿದ್ದೆವು, ಇನ್ನೊಬ್ಬ ಹುಡುಗ ನಡುವೆ ಮರೆತು ಅಳುತ್ತ ಇಳಿದುಹೋದ. ಮತ್ತೆ ಪ್ರಥಮ. ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಫೋಟೋ ಬಂತು. ಅಪ್ಪ ಅದನ್ನು ಗಿರಾಕಿಗಳಿಗೆಲ್ಲ ತೋರಿಸಿದ.

ಆ ವರ್ಷ ಜಿಲ್ಲಾ ಮಟ್ಟದ್ದು ಬಸವನ ಬಾಗೇವಾಡಿಯಲ್ಲಿತ್ತು. ಕ್ರೂಸರ್ ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋದೆವು. ನನಗಿಂತ ಮುಂಚೆ ಇಂಡಿ ಕಡೆಯ ಒಬ್ಬ ಹುಡುಗ ಪಠಣ ಮಾಡಿದ. ಏನು ದನಿ ಅದು. ಇಡೀ ಕೋಣೆ ಉಸಿರು ಹಿಡಿದು ಕೂತಿತ್ತು. ಅರ್ಥ ಗೊತ್ತಿಲ್ಲದ ನನಗೂ ಎದೆ ತುಂಬಿ ಬಂತು. ಆಮೇಲೆ ನಾನು ಎದ್ದು ಕನ್ನಡ ಸರ್ ಬರೆದುಕೊಟ್ಟದ್ದನ್ನು ಒಪ್ಪಿಸಿದೆ. ತೀರ್ಪುಗಾರರಲ್ಲಿ ಒಬ್ಬ ವಯಸ್ಸಾದ ಮೌಲ್ವಿಯವರಿದ್ದರು. ಉರ್ದುವಿನಲ್ಲಿ ಏನೋ ಕೇಳಿದರು. ನಾನು ಪಿಳಿಪಿಳಿ ನೋಡಿದೆ. ಅವರು ಕನ್ನಡಕ್ಕೆ ಇಳಿದರು.

"ಯಾರು ಕಲಿಸ್ಯಾರವಾ ನಿನಗ?"

"ನಮ್ಮ ಕನ್ನಡ ಸರ್ ರೀ."

ಕೋಣೆಯೆಲ್ಲ ಗೊಳ್ಳೆಂದಿತು. ಅವರೊಬ್ಬರು ನಗಲಿಲ್ಲ. "ಅಕ್ಷರ ತಪ್ಪಿದ್ರ ಅರ್ಥ ತಪ್ಪತೈತಿ, ತಾಯಿ. ಕಲ್ತು ಓದು. ಕಲೀಲಾರದ ಹಿಂಗ ಮಂದಿ ಮುಂದ ಓದಬ್ಯಾಡ" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೇವರ ಮಾತನ್ನು ನನ್ನ ಬಾಯಿಂದ ಕೆಡಿಸಿದರಲ್ಲ ಎಂದು ಸಿಟ್ಟು, ನಾಚಿಕೆ ಎರಡೂ ಬಂದು ನಲ್ಲಿಯ ಹತ್ತಿರ ಹೋಗಿ ಅತ್ತೆ. ಗೆಳತಿಗೆ ಆಶುಭಾಷಣದಲ್ಲಿ ದ್ವಿತೀಯ ಬಂದಿತ್ತು. ಮೊದಲ ಮಾತು ಓಣಿಯದೇ ಹೇಳಿದೆ ಎಂದು ಖುಷಿಯಿಂದ ಬಂದು ತಬ್ಬಿಕೊಂಡಳು, ಮಿರ್ಚಿ ಭಜಿಯಲ್ಲಿ ಅರ್ಧ ಕೊಟ್ಟಳು. ತಿಂದೆ.

ಊರಿಗೆ ಬಂದು, ಮಸೀದಿಯಲ್ಲಿ ನಮಾಜ್ ಮಾಡಿಸುವ ಹಜರತರ ಹೆಂಡತಿಯ ಹತ್ತಿರ ಅರಬ್ಬಿ ಅಕ್ಷರ ಕಲಿಯಲು ಶುರುಮಾಡಿದೆ. ಅದು ನನಗಾಗಿ, ಶಾಲೆಗಾಗಿ ಅಲ್ಲ. ಶಾಲೆಗೆ ಅಷ್ಟೇ ನೆಪ ಸಾಕಾಯಿತು. ಒಂಬತ್ತರಲ್ಲಿ ಅರೇಬಿಕ್ ಜೊತೆಗೆ ಕವ್ವಾಲಿಯೂ ನನ್ನ ತಲೆಗೇ ಬಂತು. ಐದು ಮಂದಿ ಹುಡುಗಿಯರಿಗೆ ಮಿಂಚುವ ಓಡ್ನಿ ಹೊದಿಸಿ, ಚಪ್ಪಾಳೆ ಹೊಡೆಯಲು ಕೂಡಿಸಿ, ನನ್ನನ್ನು ನಡುವೆ ಕೂಡಿಸಿದರು. ಅವರಿಗೂ ಉರ್ದು ಬಾರದು, ನನಗೂ ಬಾರದು. ಆದರೆ ತಪ್ಪಾದಾಗ ಎಲ್ಲರೂ ನೋಡುತ್ತಿದ್ದದ್ದು ನನ್ನ ಮುಖವನ್ನೇ.

ಈಗ ಸಿಂದಗಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಸೇರಿದ ದಿನವೇ ಪಕ್ಕದ ಕುರ್ಚಿಯ ಮೇಡಂ ಕೇಳಿದರು, "ಉರ್ದು ಸಬ್ಜೆಕ್ಟ್ ಏನ್ರಿ ನಿಮ್ಮದು?" ಅಲ್ಲಿ ಉರ್ದು ವಿಷಯವೇ ಇಲ್ಲ. ಮೈ ಉರಿಯಿತು. ಆದರೂ ನಕ್ಕು "ಕನ್ನಡ ರೀ" ಎಂದೆ.

ಹತ್ತನೆಯ ತರಗತಿಯಲ್ಲಿ ಮಾತ್ರ ನಾನು ಮೊಂಡು ಹಿಡಿದೆ. ಜೂನ್ ತಿಂಗಳಲ್ಲೇ ಸರ್ ಹತ್ತಿರ ಹೋಗಿ, ಇದು ಕೊನೆಯ ವರ್ಷ, ಆಶುಭಾಷಣಕ್ಕೆ ನನ್ನನ್ನು ನಿಲ್ಲಿಸದಿದ್ದರೆ ಅರೇಬಿಕ್ಕಿಗೂ ನಿಲ್ಲುವುದಿಲ್ಲ ಎಂದೆ. ಸರ್ ನಕ್ಕರು. "ಅಬಾಬಾ, ದೊಡ್ಡಾಕಿ ಆದಿ. ಆತು, ಎರಡೂ ಮಾಡು" ಎಂದರು. ಒಪ್ಪಿದರಲ್ಲ ಎಂದು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಆ ಸಲದ ಮೊದಲ ಸುತ್ತು ನಮ್ಮ ಶಾಲೆಯಲ್ಲೇ ನಡೆಯಿತು. ಆಶುಭಾಷಣದ ಕೋಣೆಯಲ್ಲಿ ಚೀಟಿ ಎತ್ತಿದೆ. 'ಬಸ್ ನಿಲ್ದಾಣ'. ನನ್ನ ಅದೃಷ್ಟಕ್ಕೆ ನಾನೇ ನಗಬೇಕು, ಅಂಥ ವಿಷಯ. ತಾಳಿಕೋಟೆಯಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುವವರು, ಟೋಪಿ ಎಸೆಯುವವರು, ಕೈಯಲ್ಲಿದ್ದ ಕೂಸನ್ನೇ ಒಳಗೆ ಇಳಿಸುವವರು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಕರವಸ್ತ್ರದ ಜಗಳದಿಂದ ಶುರುಮಾಡಬೇಕು, ಕೂಸನ್ನು ಕೊನೆಗಿಡಬೇಕು. ನನ್ನ ಮುಂದೆ ಒಬ್ಬ ಹುಡುಗ ಮಾತ್ರ ಉಳಿದಿದ್ದ. ಆಗ ಕನ್ನಡ ಸರ್ ಬಾಗಿಲಲ್ಲಿ ಕಾಣಿಸಿಕೊಂಡು ಕೈ ಸನ್ನೆ ಮಾಡಿದರು.

"ಬಾ ಬಾ, ಅಲ್ಲಿ ಅರೇಬಿಕ್ಕಿಗೆ ಕರಿಯಾಕತ್ತಾರ."

"ಸರ್, ಇವನಾದ ಮ್ಯಾಲ ನಂದ ಐತ್ರಿ."

"ಇಲ್ಲಿ ಭಾಳ ಮಂದಿ ಅದಾರ, ಅಲ್ಲಿ ನೀ ಒಬ್ಬಾಕಿನ. ಜಡ್ಜ್ ಊಟಕ್ಕ ಏಳಾಕತ್ತಾರ. ಖಾಲಿ ಬಿಟ್ರ ಪಾಯಿಂಟ್ ಹೋಗ್ತಾವ. ಲಗೂನ ಬಾ."

"ಐದು ನಿಮಿಷ ರೀ ಸರ್."

"ಹೇಳಿದ್ದು ಕೇಳವಾ."

ಎದ್ದೆ. ಯಾಕೆ ಎದ್ದೆನೋ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ. ಆದರೆ ಹದಿನೈದರ ಹುಡುಗಿ ಸರ್ ಕರೆದರೆ ಏಳದೆ ಏನು ಮಾಡುತ್ತಾಳೆ? ತೀರ್ಪುಗಾರ್ತಿ ಕೈ ಚಾಚಿ, "ಚೀಟಿ ಕೊಟ್ಟು ಹೋಗು ತಂಗಿ, ಹಿಂದಿನವ್ರಿಗೆ ಬೇಕು" ಎಂದರು. ಕೊಟ್ಟೆ. ಅರೇಬಿಕ್ ಮುಗಿಸಿ ಓಡಿ ಬರುವಷ್ಟರಲ್ಲಿ ನನ್ನ ಚೀಟಿ ಬೇರೆ ಶಾಲೆಯ ಹುಡುಗನ ಪಾಲಾಗಿತ್ತು. "ಬಸ್ ನಿಲ್ದಾಣವು ಪ್ರಯಾಣಿಕರಿಗೆ ಅತ್ಯಂತ ಉಪಯುಕ್ತವಾದ ಸ್ಥಳವಾಗಿದೆ" ಎಂದು ಅವನು ಹೇಳುತ್ತಿದ್ದ. ಅವನದೇ ಕೊನೆಯ ಭಾಷಣ. ನನ್ನ ಸರದಿ ಏನಾಯಿತೆಂದು ಕೇಳಿದೆ. ಗೈರುಹಾಜರು ಎಂದು ಹಾಕಿಯಾಗಿದೆ ಎಂದರು.

ಸರ್ ಸಂಜೆ ಪೇಢೆ ತಂದುಕೊಟ್ಟರು. ಅರೇಬಿಕ್‌ನಲ್ಲಿ ಮೂರನೆಯ ವರ್ಷವೂ ಪ್ರಥಮ. ಪೇಢೆಯನ್ನು ಶಾಲೆಯ ಹಿಂದಿನ ಜಾಲಿಗಿಡದ ಕಡೆ ಎಸೆದು ಮನೆಗೆ ಹೋದೆ.

ಮಾರ್ಚ್‌ಗೆ ಮುಂಚೆ ಹತ್ತನೆಯವರಿಗೆ ಬೀಳ್ಕೊಡುಗೆ ಇಟ್ಟರು. ತಂದೆತಾಯಿಗಳನ್ನೂ ಕರೆದಿದ್ದರು. ಅಪ್ಪ ಅಂಗಡಿಗೆ ಬೀಗ ಹಾಕಿ, ಮೈಮೇಲಿನ ಹತ್ತಿ ಝಾಡಿಸಿಕೊಂಡು, ಬಿಳಿ ಅಂಗಿ ತೊಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತ. ನಾಲ್ಕು ಹುಡುಗರು ಬರೆದುಕೊಂಡು ಬಂದದ್ದನ್ನು ಓದಿದರು. ಆಮೇಲೆ ಕನ್ನಡ ಸರ್ ಮೈಕಿನಲ್ಲಿ ನನ್ನ ಹೆಸರು ಕರೆದು, "ಅರೇಬಿಕ್‌ದಾಗ ಮೂರು ವರ್ಷ ನಮ್ಮ ಸಾಲಿ ಹೆಸರು ತಂದಾಕಿ, ಆಕಿನೂ ಎರಡು ಮಾತಾಡ್ಲಿ" ಎಂದರು.

ಏನೂ ತಯಾರಿ ಇರಲಿಲ್ಲ. ಮೈಕಿನ ಮುಂದೆ ನಿಂತದ್ದೇ ಬಿಸಿಯೂಟದ ಸಾಲಿನ ಬಗ್ಗೆ ಶುರುಮಾಡಿದೆ. ಗಂಟೆ ಹೊಡೆಯುವ ಮೊದಲೇ ತಾಟು ಸಪ್ಪಳ ಮಾಡುವವರು, ಸಾರಿನೊಳಗಿನ ಆಲೂಗಡ್ಡೆಗೆ ಸವಟು ಎಷ್ಟು ಆಳ ಇಳಿಯಬೇಕೆಂದು ಅಡುಗೆಯವರಿಗೆ ಹೇಳಿಕೊಡುವವರು, ಜಗಳವಾಡಿದ ಗೆಳತಿಯರು ಸಾಲಿನಲ್ಲಿ ಹಿಂದೆಮುಂದೆ ನಿಲ್ಲಬೇಕಾಗಿ ಬಂದು ಮತ್ತೆ ಒಂದಾದದ್ದು. ನಾಳೆಯಿಂದ ಯಾವ ಸಾಲಿನಲ್ಲಿ ನಿಲ್ಲುವುದು ಎಂದು ಕೇಳಿದಾಗ ಹುಡುಗಿಯರು ಅಳಲು ಶುರುಮಾಡಿದರು. ಹೆಡ್ ಮಾಸ್ತರು ನಕ್ಕು ನಕ್ಕು ಸಾಕಾಗಿ ಕುರ್ಚಿಗೆ ಒರಗಿದ್ದರು. ಕೊನೆಯ ಸಾಲಿನಲ್ಲಿ ಅಪ್ಪ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಮೂರು ವರ್ಷದ ಹಸಿವು ಅವತ್ತು ಇಂಗಿತು. ನಿಜ ಹೇಳುತ್ತೇನೆ, ಅಷ್ಟು ಸುಖ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ನಾನು ಇಳಿಯುವಾಗ ಸರ್ ಮೈಕು ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ. "ಕೇಳಿದ್ರಿಲ್ಲೊ ಎಂಥಾ ಕನ್ನಡ ಅಂತ? ಮನ್ಯಾಗ ಕನ್ನಡ ಇಲ್ಲದ ಹುಡುಗಿ ಇಷ್ಟು ಚಲೋ ಮಾತಾಡ್ತಾಳಂದ್ರ, ಕನ್ನಡದ ಮನ್ಯಾಗ ಹುಟ್ಟಿದವ್ರು ನಿಮಗೇನಾಗೇತ್ರಪಾ?" ಎಂದರು. ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಎಲ್ಲರ ಜೊತೆ ಚಪ್ಪಾಳೆಗೆ ಎತ್ತಿದ ಅಪ್ಪನ ಕೈ ಅಲ್ಲೇ ನಿಂತಿತು.

ಅದೇ ಸರ್ ಹಿಂದಿನ ಬೇಸಿಗೆಯಲ್ಲಿ ಮಗಳ ಮದುವೆಗೆ ಗಾದಿ ಮಾಡಿಸಲು ನಮ್ಮ ಅಂಗಡಿಗೆ ಬಂದು, ಕಟ್ಟೆಯ ಮೇಲೆ ಕೂತು, ಅಪ್ಪನ ಜೊತೆ ಎರಡು ಸಲ ಚಹಾ ಕುಡಿದು, ಮಳೆ, ತೊಗರಿ, ಬೀಗರು ಎಂದು ಹೊತ್ತು ಮುಳುಗುವವರೆಗೆ ಹರಟಿದ್ದರು. ಈಗ ವೇದಿಕೆಯಿಂದ ಇಳಿದು ಬಂದು ಅಪ್ಪನ ಕೈ ಹಿಡಿದು ಕುಲುಕಿದರು. "ಪುಣ್ಯಾ ಮಾಡೀಯಪಾ ಇಂಥಾ ಮಗಳನ್ನ ಪಡಿಯಾಕ" ಎಂದರು. ಅಪ್ಪ "ಹೌದ್ರಿ ಸರ್, ನಿಮ್ಮ ಆಶೀರ್ವಾದ" ಎಂದ.

ಅಪ್ಪ ನನ್ನನ್ನು ಕರೆದುಕೊಂಡು ಪೇಟೆಯ ದಾರಿ ಹಿಡಿದ. ಸಂತೆಯ ಬಯಲು ದಾಟಿದ ಮೇಲೆ ನಿಂತು ನನ್ನ ಕಡೆ ತಿರುಗಿದ.

"ಯವ್ವಾ, ಸರ್ ಹಂಗ್ಯಾಕ ಅಂದ್ರು? ನಮ್ಮ ಮನ್ಯಾಗ ಕನ್ನಡ ಬಿಟ್ಟು ಮತ್ತ್ಯಾವ ಭಾಷಾ ಐತಿ?"

ಸಿಟ್ಟಿನಿಂದ ಕೇಳಲಿಲ್ಲ. ಓದಿದ ಮಗಳು, ಗೊತ್ತಿರಬಹುದು ಎಂದು ಕೇಳಿದ. ನಾನು ಮುಂದೆ ನಡೆದೆ. ಅಂಗಡಿ ಬರುವವರೆಗೆ ಅವನು ಅದನ್ನೇ ಇನ್ನೊಂದು ಸಲ ಕೇಳಿದ.