ಗುಡುಗಿಗೆ ಕಿತ್ತ ಪ್ಲಗ್ಗು

ಮೊನ್ನೆ ಸಂಜೆ ಗುಡುಗು ಶುರುವಾದೊಡನೆ ಎಂದಿನಂತೆ ಟಿ.ವಿ.ಯ ಪ್ಲಗ್ಗು ಕಿತ್ತೆ. ಅಂಗೈಯಲ್ಲಿ ಅದು ಬೆಚ್ಚಗಿತ್ತು. ಆ ಬಿಸಿಗೆ ನಮ್ಮ ಕಂಪ್ಯೂಟರ್ ಮಾಷ್ಟ್ರು ನೆನಪಾದರು...

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಪ್ರೌಢಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂತು. ಕಲಿಸಲು ಮರವಂತೆಯ ಯುವಕರೊಬ್ಬರನ್ನು ತಾತ್ಕಾಲಿಕವಾಗಿ ನೇಮಿಸಿದರು. ಕನ್ನಡ ಅಧ್ಯಾಪಕಿಯಾಗಿದ್ದ ನಾನು ಐವತ್ತನಾಲ್ಕರ ವಯಸ್ಸಿನಲ್ಲಿ ಅವರ ಬಳಿ ಕಲಿಯಲು ಕುಳಿತೆ. "ರಿಟೈರ್ ಆಪ್ ಹೊತ್ತಿಗೆ ನಿಮ್ಗೆಂತಕ್ ಮಾರಾಯ್ರೆ ಇದೆಲ್ಲ?" ಎಂದು ಗಣಿತದ ಅಧ್ಯಾಪಕರು ಎಲ್ಲರೆದುರು ನಕ್ಕಿದ್ದರು. ಅಂದು ಅವರು ತೊಟ್ಟಿದ್ದ ಅಂಗಿಯ ಬಣ್ಣವೂ ನನಗೆ ನೆನಪಿದೆ.

ಮಾಷ್ಟ್ರು ನಗಲಿಲ್ಲ. ಅವರ ತಂದೆ ರಸ್ತೆಬದಿಯಲ್ಲಿ ಚಿಕ್ಕ ಹೋಟೆಲು ನಡೆಸುತ್ತಿದ್ದರು. ಪಾಠವೂ ಅಲ್ಲಿಂದಲೇ ಹುಟ್ಟುತ್ತಿತ್ತು. "ಆಪರೇಟಿಂಗ್ ಸಿಸ್ಟಮ್ ಅಂದ್ರೆ ಹೋಟ್ಲಿನ ಮ್ಯಾನೇಜರ್ ಇದ್ದಾಂಗೆ, ಟೀಚರೇ." ಗಿರಾಕಿ, ಅಂದರೆ ನಾವು ತೆರೆಯುವ ಒಂದೊಂದು ಪ್ರೋಗ್ರಾಮು, ನೇರವಾಗಿ ಅಡುಗೆಮನೆಗೆ ನುಗ್ಗುವಂತಿಲ್ಲ. ಒಲೆ ಒಂದೇ ಆದರೂ ಸರದಿಯಂತೆ ಎಲ್ಲರ ಕೆಲಸವೂ ಸ್ವಲ್ಪ ಸ್ವಲ್ಪವೇ ಸಾಗುತ್ತದೆ. ಪ್ರತಿಯೊಬ್ಬನಿಗೂ ತನಗಾಗಿಯೇ ಬೇಯುತ್ತಿದೆ ಎನ್ನಿಸುತ್ತದೆ. ಮೇಜೆಂದರೆ ಕರೆಂಟಿರುವಷ್ಟು ಹೊತ್ತಿನ ನೆನಪು, ಉಗ್ರಾಣವೆಂದರೆ ಡಿಸ್ಕು. ಯಾರಿಗೆ ಯಾವ ಮೇಜು, ಯಾವ ಸಾಮಾನು ಉಗ್ರಾಣದ ಯಾವ ಹಲಗೆಯಲ್ಲಿ, ಉಗ್ರಾಣದೊಳಗೆ ಯಾರಿಗೆ ಪ್ರವೇಶ ಎಂಬುದೆಲ್ಲ ಮ್ಯಾನೇಜರನ ನಿರ್ಧಾರ. ಕೀಲಿಮಣೆ, ಪ್ರಿಂಟರುಗಳೂ ಅವನ ಮಾತಿನಂತೆಯೇ ನಡೆಯಬೇಕು. "ಬಾಗ್ಲ್ ಹಾಕೂಕ್ ಮುಂಚೆ ಮೇಜಿನ್ ಮೇಲಿದ್ದದ್ನ ಉಗ್ರಾಣಕ್ ಸೇರ್ಸೂದೂ ಅವನ್ದೇ ಕೆಲ್ಸ. ಅದ್ಕೇ ಶಟ್ ಡೌನ್ ಕೊಟ್ಟು ಕಾಯ್ಕ್." ಕಾಯಬೇಕು ಎಂಬುದನ್ನೂ ಸೇರಿಸಿ ಅಕ್ಷರ ತಪ್ಪದೆ ಬರೆದುಕೊಂಡೆ.

ದಸರಾ ರಜೆ ಮುಗಿದ ವಾರ ಅವರು ಹತ್ತನೆಯ ತರಗತಿಯ ಮಕ್ಕಳ ಪಟ್ಟಿಯನ್ನು ಟೈಪು ಮಾಡುತ್ತಿದ್ದರು. ನೀರು ಕುಡಿಯಲು ಹೊರಗೆ ಹೋದಾಗ ದೊಡ್ಡ ಗುಡುಗು. ನಾನು ಎದ್ದು ಪ್ಲಗ್ಗು ಕಿತ್ತೆ; ಅದೂ ಅಂಗೈಯಲ್ಲಿ ಬೆಚ್ಚಗಿತ್ತು. ಕರಾವಳಿಯ ಯಾವ ಮನೆಯವರಾದರೂ ಅದನ್ನೇ ಮಾಡುತ್ತಿದ್ದರು.

"ಎಂತ ಮಾಡಿದ್ರಿ ಟೀಚರೇ!" ಮಾಷ್ಟ್ರು ಬಾಗಿಲಲ್ಲೇ ನಿಂತರು.

"ಸುಟ್ ಹೋಪುದ್ ಬ್ಯಾಡ ಅಂದ್ಹೇಳಿ ತೆಗ್ದೆ..."

ಯಂತ್ರ ಮತ್ತೆ ಏಳಲಿಲ್ಲ. ಕುಂದಾಪುರದಿಂದ ಬಂದ ರಿಪೇರಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದರು; ಪಟ್ಟಿ ಹೋಯಿತು. ಕರೆಂಟು ತಪ್ಪಿದರೂ ಯಂತ್ರ ಆರದಂತೆ ಕಾಯುವ ಯುಪಿಎಸ್ ಕೊಡಿಸುತ್ತೇವೆಂದು ಎರಡು ಬಾರಿ ಮಾತು ಕೊಟ್ಟು ತಪ್ಪಿದ್ದ ಮುಖ್ಯೋಪಾಧ್ಯಾಯರು ಮಾಷ್ಟ್ರನ್ನು ನಿಲ್ಲಿಸಿ ಬೈದರು. ನಾನು ಅಲ್ಲೇ ಇದ್ದೆ. ಮಾಷ್ಟ್ರು ಒಮ್ಮೆ ನನ್ನತ್ತ ನೋಡಿ, "ನಂದೇ ತಪ್ಪು ಸರ್" ಎಂದರು. ಸೋಮವಾರದಿಂದ ಬರಬೇಡಿ ಎಂದಾಯಿತು. ನಾನು ಬಾಯಿ ತೆರೆಯಲಿಲ್ಲ.

ಬಸ್ಸಿಗೆ ಕಾಯುವಾಗ ಯಾಕೆ ಹಾಗೆ ಹೇಳಿದಿರೆಂದು ಕೇಳಿದೆ. "ನಿಮ್ಗೆ ಇನ್ನೂ ನಾಲ್ಕ್ ವರ್ಷ ಅವ್ರ ಕೈಕೆಳ್ಗೆ ಇರ್ಕಲ್ದಾ?" ಎಂದರು. ತಮ್ಮ ಕೊಡೆಯನ್ನು ನನ್ನ ಕೈಗಿತ್ತು ಬಸ್ಸು ಹತ್ತಿದರು...

ಮಾಷ್ಟ್ರು ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ಆ ವಾರವೇ ಬ್ರಹ್ಮಾವರಕ್ಕೆ ಹೋಗಿ, ನಿವೃತ್ತರಾಗಿದ್ದ ಮುಖ್ಯೋಪಾಧ್ಯಾಯರ ಮುಂದೆ ಕುಳಿತು, ಅಂದು ಪ್ಲಗ್ಗು ಕಿತ್ತವಳು ನಾನೆಂದು ಹೇಳಿದೆ. ಅವರು ಕನ್ನಡಕ ಒರೆಸುತ್ತ, "ಯಾವ ಮಾಷ್ಟ್ರು ಟೀಚರೇ? ಹಾಂಗೊಬ್ರು ಇದ್ದಿದ್ರಾ?" ಎಂದರು. ಕಾಫಿ ಮುಟ್ಟದೆ ಎದ್ದು ಬಂದೆ.

ಈಗ ನನ್ನ ಮೇಜಿನ ಮೇಲೂ ಒಂದು ಕಂಪ್ಯೂಟರ್ ಇದೆ. ಮೊನ್ನೆ ಟಿ.ವಿ.ಯದ್ದು ಕಿತ್ತ ಮೇಲೆ ಅದಕ್ಕೆ ಶಟ್ ಡೌನ್ ಕೊಟ್ಟೆ. ಗುಡುಗು ಹತ್ತಿರವಾಗುತ್ತಿತ್ತು. ಪರದೆ ಪೂರ್ತಿ ಕಪ್ಪಾಗುವವರೆಗೆ ಪ್ಲಗ್ಗಿನ ಮೇಲೆ ಕೈಯಿಟ್ಟು ಕಾದೆ.