ಅಕ್ಕನ ಪಕ್ಕೆಯ ಉರಿ

ಎಡ ಪಕ್ಕೆ ಉರಿಯುತ್ತಿದೆ ಎಂದು ಅಕ್ಕ ನನಗೆ ಮೊದಲು ಹೇಳಿದ್ದು ಯಾವ ದಿನ ಎಂಬುದು ನನಗೆ ಖಚಿತವಿಲ್ಲ. ಸೋಮವಾರ ಬೆಳಿಗ್ಗೆ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಎಂದು ನನ್ನ ನೆನಪು. ಅವಳ ಬ್ಯಾಗು ನನ್ನ ಕೈಯಲ್ಲಿತ್ತು, ಹೊಸನಗರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ, ಅವಳು ಸೆರಗಿನೊಳಗೆ ಕೈಯಿಟ್ಟುಕೊಂಡು ಏನೋ ಹೇಳಿದಳು. ನನ್ನ ಹೆಂಡತಿ ಸವಿತಾ ಇದನ್ನು ಒಪ್ಪುವುದಿಲ್ಲ. ಶನಿವಾರವೇ, ಮಗಳಿಗೆ ಜ್ವರ ಬಂದ ದಿನವೇ, ಊಟಕ್ಕೆ ಕೂತಾಗ ಹೇಳಿದರು, ನೀವು ಮೊಬೈಲ್ ನೋಡುತ್ತ ಹೂಂ ಅಂದಿರಿ ಎನ್ನುತ್ತಾಳೆ. ಅಕ್ಕನನ್ನೇ ಕೇಳಿದರೆ ನಗುತ್ತಾಳೆ. "ಯಾವತ್ತಾದ್ರೆ ಎಂತ ಮಾರಾಯ? ಹೇಳಿದ್ದಂತೂ ಹೌದು."

ಎರಡು ದಿನದ ವ್ಯತ್ಯಾಸ. ಬೇರೆ ಯಾವುದೇ ಕಾಯಿಲೆಯಾಗಿದ್ದರೆ ನಾನೂ ಇದನ್ನು ಇಷ್ಟು ಕೆದಕುತ್ತಿರಲಿಲ್ಲವೇನೋ.

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಇಪ್ಪತ್ತು ವರ್ಷಗಳಿಂದ ಪಿಯು ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೇನೆ. ಯಾರು ಏನು ಹೇಳಿದರೂ "ನಿಮಗೆ ಹೇಗೆ ಗೊತ್ತು?" ಎಂದು ಕೇಳುವುದು ನನ್ನ ಚಟ. ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ನಮ್ಮ ಜೊತೆಯಲ್ಲೇ ಇದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಕನ್ನಡಿ, ಮೊಳೆಗಳಿಗೆ ನೇತುಹಾಕಿದ ರವಿಕೆಗಳು. ಬೀದಿಯ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ. ನನ್ನ ಮಗಳು ಮೈತ್ರಿಗೆ ಈಗ ಏಳು ವರ್ಷ. ಅವಳು ಅಂಬೆಗಾಲಿಟ್ಟದ್ದು, ಅಕ್ಷರ ಕಲಿತದ್ದು ಎಲ್ಲವೂ ಆ ಯಂತ್ರದ ಕಾಲಬುಡದಲ್ಲಿ. ಅವಳಿಗೆ ಅತ್ತೆ ಎಂದರೆ ಮನೆಯ ಅರ್ಧ.

ಭಾನುವಾರ ಬೆಳಿಗ್ಗೆ ಮೈತ್ರಿಯ ಹೊಟ್ಟೆಯ ಮೇಲೆ ನೀರುಗುಳ್ಳೆ ಕಂಡವು. ಸಂಜೆಗೆ ಮುಖಕ್ಕೂ ಬಂದವು. ಚಿಕನ್ ಪಾಕ್ಸ್. ನಮ್ಮ ಕಡೆ 'ಅಮ್ಮ' ಎನ್ನುತ್ತೇವೆ. ಅಕ್ಕ ತಕ್ಷಣ ಬೇವಿನ ಸೊಪ್ಪು ತಂದು ಹಾಸಿಗೆಯ ಬದಿಗೆ ಇಟ್ಟಳು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ನಮ್ಮ ತಾಯಿ ಇನ್ನೊಂದು ಕಟ್ಟುಪಾಡು ಮಾಡಿದ್ದರು: ಮೈಮೇಲೆ ಅಮ್ಮ ಇರುವಾಗ ಆ ಮನೆಯೊಳಗೆ ಅವಳ ಸುದ್ದಿ ಎತ್ತಬಾರದು. ಯಾರಿಗೆ ಬಂದಿತ್ತು, ಎಷ್ಟು ಬಂದಿತ್ತು, ಯಾರಿಗೆ ಬರಬಹುದು, ಯಾವುದೂ ಬಾಯಲ್ಲಿ ಬರಬಾರದು. ತಾಯಿ ತೀರಿಕೊಂಡು ಎಷ್ಟೋ ವರ್ಷವಾದರೂ ಅಕ್ಕ ಅದನ್ನು ಬಿಟ್ಟಿರಲಿಲ್ಲ. ನಾನು ಅದಕ್ಕೆ ಯಾವತ್ತೂ ಬೆಲೆ ಕೊಟ್ಟವನಲ್ಲ.

ದೊಡ್ಡ ವಯಸ್ಸಿನಲ್ಲಿ ಚಿಕನ್ ಪಾಕ್ಸ್ ಬಂದರೆ ನ್ಯುಮೋನಿಯಾದವರೆಗೂ ಹೋಗಬಹುದು ಎಂದು ಎಲ್ಲೋ ಓದಿದ್ದೆ. ಸವಿತಾಗೂ ನನಗೂ ಚಿಕ್ಕಂದಿನಲ್ಲೇ ಬಂದುಹೋಗಿತ್ತು. ಅಕ್ಕನದು ಗೊತ್ತಿರಲಿಲ್ಲ. ಮೈತ್ರಿ ಮಲಗಿದ್ದ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದೆ. "ಅಕ್ಕಾ, ನಿಂಗೆ ಚಿಕ್ಕೋಳಿದ್ದಾಗ ಇದು ಬಂದಿತ್ತಾ?"

ಅಕ್ಕ ಮಗುವಿನ ಕಡೆ ಒಮ್ಮೆ ನೋಡಿದಳು. ನನ್ನನ್ನು ದುರುಗುಟ್ಟಿ ನೋಡಿ ಅಡುಗೆಮನೆಗೆ ಹೋದಳು.

ಉತ್ತರವಿಲ್ಲ ಎಂದರೆ ಬಂದಿಲ್ಲ ಎಂದುಕೊಂಡೆ. ಹೀಗೆ ತೀರ್ಮಾನಿಸುವ ವಿದ್ಯಾರ್ಥಿಯನ್ನು ನಾನು ಹೊರಗೆ ನಿಲ್ಲಿಸುತ್ತಿದ್ದೆ.

ಹೊಸನಗರ ತಾಲ್ಲೂಕಿನ ಹುಂಚದಲ್ಲಿ ನಮ್ಮ ಚಿಕ್ಕಮ್ಮ, ತಾಯಿಯ ತಂಗಿ, ಮಗ ಸೊಸೆಯ ಜೊತೆ ಇದ್ದಾಳೆ. ಮಗುವಿನ ಹಕ್ಕಳೆ ಉದುರುವವರೆಗೆ ಅಕ್ಕ ಅಲ್ಲಿರಲಿ ಎಂದೆ.

"ಮಗೂಗೆ ಹುಷಾರಿಲ್ದಾಗ ನಾ ಎಲ್ಲಿಗೆ ಹೋಗ್ಲಿ? ಬೇವಿನ ನೀರು ಹಾಕೋರ್ಯಾರು?" ಎಂದಳು ಅಕ್ಕ.

"ಸವಿತಾ ಹಾಕ್ತಾಳೆ."

"ಅವ್ಳಿಗೆ ಕ್ರಮ ಗೊತ್ತಿಲ್ಲ."

"ಕ್ರಮ ಬೇಡ ಅಕ್ಕಾ. ಕ್ಯಾಲಮೈನ್ ಲೋಷನ್ ಇದೆ."

"ನಿನ್ ಲೋಷನ್ ನೀನೇ ಹಚ್ಕ" ಎಂದು ಬ್ಯಾಗು ತುಂಬತೊಡಗಿದಳು. ಹೊಲಿಯಲು ಬಾಕಿ ಇದ್ದ ಆರು ರವಿಕೆಗಳನ್ನೂ ಮಡಿಸಿ ಹಾಕಿಕೊಂಡಳು. ಮಗುವನ್ನು ಮುಟ್ಟಿ ಹೋಗುತ್ತೇನೆಂದಳು. ಬೇಡ ಎಂದೆ. ಬಾಗಿಲಲ್ಲೇ ನಿಂತು ಕೈಬೀಸಿದಳು. ಎರಡು ದಿನದಿಂದ ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದವಳನ್ನು ಈಗ ದೂರ ಮಾಡಿ ಏನು ಪ್ರಯೋಜನ ಎಂಬ ಸರಳ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, ನನ್ನ ನೆನಪಿನ ಪ್ರಕಾರ, ಪಕ್ಕೆ ಉರಿಯುವ ಮಾತು ಬಂತು. ಯಂತ್ರದ ಮೇಲೆ ಬಗ್ಗಿ ಕೂತು ಸ್ನಾಯು ಹಿಡಿದಿರಬೇಕು, ಮುಲಾಮು ತಿಕ್ಕು ಎಂದೆ. ತಿಕ್ಕು ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಅವಳು ನಿಜವಾಗಿಯೂ ತಿಕ್ಕಿದಳಂತೆ.

ಗುರುವಾರ ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ಚಿಕ್ಕಮ್ಮನ ಫೋನು.

"ಮಗಾ, ಅಕ್ಕನ ಪಕ್ಕೆಲಿ ಗುಳ್ಳೆ ಎದ್ದಿದಾವೆ. ಬೆನ್ನಿಂದ ಎದೆ ಕಡೆಗೆ ಸಾಲಾಗಿ ಬಂದಿದೆ. ಸರ್ಪಸುತ್ತು ಇದು. ತಲೆ ಬಾಲ ಕೂಡಿದ್ರೆ ಕಷ್ಟ ಅಂತಾರೆ. ನಾಗನ ಬನಕ್ಕೆ ಹರಕೆ ಹೇಳ್ಕಂಡು ಕೆಮ್ಮಣ್ಣು ಹಚ್ತೀನಿ. ಎಂತಕ್ಕೂ ನೀ ಒಂದ್ಸಲ ಬಂದು ಡಾಕ್ಟ್ರಿಗೆ ತೋರ್ಸು."

ನಾಗನ ಬನ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನನಗೆ ಕೇಳಿಸಲೇ ಇಲ್ಲ ಎಂದು ಕಾಣುತ್ತದೆ. "ಸರ್ಪ ಗಿರ್ಪ ಏನೂ ಇಲ್ಲ ಚಿಕ್ಕಮ್ಮ. ಬಸ್ಸಲ್ಲಿ ಬೆವರಿ ಅಲರ್ಜಿ ಆಗಿರತ್ತೆ. ಒಂದು ಸಿಟ್ರಿಜಿನ್ ಕೊಡು. ಮಣ್ಣುಗಿಣ್ಣು ಹಚ್ಚಬೇಡ."

"ಆಯ್ತು ಮಾರಾಯ. ಓದ್ದೋನು ನೀನು. ನಮ್ಗೆಂತ ಗೊತ್ತು" ಎಂದು ಫೋನಿಟ್ಟಳು.

ಅವಳು ಹೇಳಿದ ಕಾರಣ ತಪ್ಪಾಗಿತ್ತು. ಹೆಸರು ಸರಿಯಾಗಿತ್ತು. ಡಾಕ್ಟರಿಗೆ ತೋರಿಸು ಎಂದದ್ದೂ ಅವಳೇ. ನಾನು ಎಲ್ಲವನ್ನೂ ಒಟ್ಟಿಗೆ ಎಸೆದುಬಿಟ್ಟೆ.

ಶುಕ್ರವಾರ ಕಳೆಯಿತು. ಶನಿವಾರವೂ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಸೊಸೆ ಫೋಟೋ ಕಳಿಸಿದಳು. ಕೆಮ್ಮಣ್ಣಿನ ಕೆಳಗೆ, ಎದೆಯ ಎಡಬದಿಯಿಂದ ಬೆನ್ನಿನವರೆಗೆ ಒಂದು ಅಗಲವಾದ ಪಟ್ಟಿ. ಬೆಂದಂತೆ ಕಾಣುತ್ತಿತ್ತು. ಆಗ ಹುಡುಕಿದೆ. ಸರ್ಪಸುತ್ತು ಎಂದರೆ ಶಿಂಗಲ್ಸ್. ಚಿಕನ್ ಪಾಕ್ಸಿನದೇ ವೈರಸ್. ಅಷ್ಟು ಓದಿ ಮುಂದಿನ ಸಾಲು ಓದದೆ ಎದ್ದೆ. ಪ್ಯಾಂಟು ಹಾಕಿಕೊಳ್ಳುತ್ತ ಸವಿತಾಗೆ ಹೇಳಿದೆ. "ಇವಳಿಂದ್ಲೇ ಅಕ್ಕಂಗೆ ಅಂಟಿದ್ದು. ಒಂದೇ ವೈರಸ್ಸು."

ಮೈತ್ರಿ ಬಾಗಿಲಲ್ಲಿ ನಿಂತಿದ್ದಳು.

ಹುಂಚದಿಂದ ಅಕ್ಕನನ್ನು ಕಾರಿನಲ್ಲಿ ತೀರ್ಥಹಳ್ಳಿಗೆ ಕರೆದೊಯ್ದೆ. ಅವಳು ರವಿಕೆ ತೊಟ್ಟಿರಲಿಲ್ಲ. ಮೈಗೆ ಬಟ್ಟೆ ತಾಗಿದರೆ ಬೆಂಕಿ ಮುಟ್ಟಿದಂತೆ ಎನ್ನುತ್ತಿದ್ದಳು. ಚಿಕ್ಕಪ್ಪನ ಹಳೆಯ ಮೆತ್ತನೆಯ ಪಂಚೆಯನ್ನು ಸುತ್ತಿಕೊಂಡು, ಅದನ್ನೂ ಎರಡು ಬೆರಳಲ್ಲಿ ಮೈಯಿಂದ ಎತ್ತಿ ಹಿಡಿದು ಕೂತಿದ್ದಳು. ರಸ್ತೆಯ ಪ್ರತಿ ಹೊಂಡಕ್ಕೂ ಅವಳ ಉಸಿರು ನಿಲ್ಲುತ್ತಿತ್ತು. ಊರಿನವರಿಗೆಲ್ಲ ರವಿಕೆ ಹೊಲಿದವಳು.

ಡಾಕ್ಟರ್ ನನಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನರ್ಸ್ ಸಲೈನಿನಲ್ಲಿ ಮಣ್ಣು ಒರೆಸಿದ ಮೇಲೆ ಕೇಳಿದರು. "ಗುಳ್ಳೆ ಎದ್ದು ಎಷ್ಟು ದಿನ ಆಯ್ತು?"

"ಬುಧವಾರ ಸಂಜೆಯಿಂದ" ಎಂದಳು ಅಕ್ಕ. ನನಗೆ ಗೊತ್ತಿದ್ದದ್ದು ಗುರುವಾರ.

"ಮೂರು ದಿನದೊಳಗೆ ಬಂದಿದ್ರೆ ಆಂಟಿವೈರಲ್ ಚೆನ್ನಾಗಿ ಕೆಲಸ ಮಾಡ್ತಿತ್ತು. ಈಗ್ಲೂ ಹೊಸ ಗುಳ್ಳೆ ಬರ್ತಿವೆ, ಕೊಡ್ತೀನಿ. ಆದ್ರೆ ನೋವು ಸ್ವಲ್ಪ ದಿನ ಉಳೀಬಹುದು."

ಸ್ವಲ್ಪ ದಿನ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಬದಲಿಗೆ ನನ್ನ ಸಿದ್ಧಾಂತ ಒಪ್ಪಿಸಿದೆ: ಮನೆಯಲ್ಲಿ ಮಗುವಿಗೆ ಚಿಕನ್ ಪಾಕ್ಸ್, ಅದರಿಂದಲೇ ಇದು.

"ಇಲ್ಲ ಸರ್. ಮಕ್ಕಳ ಚಿಕನ್ ಪಾಕ್ಸಿಂದ ದೊಡ್ಡವರಿಗೆ ಶಿಂಗಲ್ಸ್ ಬರಲ್ಲ. ಇದು ಇವರ ಮೈಯೊಳಗೇ ಇದ್ದ ವೈರಸ್. ಚಿಕ್ಕಂದಿನಲ್ಲಿ ಬಂದಿದ್ದು ನರದ ಬುಡದಲ್ಲಿ ಮಲಗಿರತ್ತೆ. ವಯಸ್ಸಾದಾಗ ಏಳಬಹುದು."

"ಈಗಲೇ ಯಾಕೆ ಎದ್ದಿತು ಮತ್ತೆ? ಮಗು ಜೊತೆ ಇದ್ದಿದ್ದಕ್ಕೇ ಅಲ್ವಾ?"

"ಅಲ್ಲ. ಮಕ್ಕಳ ಜೊತೆ ಇದ್ರೆ ದೊಡ್ಡವರ ಇಮ್ಯೂನಿಟಿ ಇನ್ನಷ್ಟು ಚುರುಕಾಗಬಹುದು ಅಂತಾನೂ ಹೇಳ್ತಾರೆ. ಅದನ್ನ ನಾನು ಗ್ಯಾರಂಟಿ ಕೊಡಲ್ಲ. ನಿದ್ದೆಗೆಟ್ಟು, ಸುಸ್ತಾಗಿ ಎದ್ದಿರಬಹುದು. ಎಷ್ಟೋ ಸಲ ಕಾರಣ ಗೊತ್ತಾಗೋದೇ ಇಲ್ಲ."

"ಆದ್ರೆ ಇವಳಿಗೆ ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದೇ ಇರಲಿಲ್ಲ" ಎಂದೆ.

"ಯಾರು ಹಾಗಂದೋರು?" ಎಂದಳು ಅಕ್ಕ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ನಂಗೆ ಬಂದಿತ್ತು."

"ನಾ ಕೇಳಿದಾಗ ಯಾಕೆ ಹೇಳ್ಲಿಲ್ಲ ಮತ್ತೆ?"

"ಮಗು ಮೈಮೇಲೆ ಅಮ್ಮ ಇರೋವಾಗ ಅದೆಲ್ಲ ಮಾತಾಡ್ತಾರ? ಅಷ್ಟೂ ಗೊತ್ತಾಗಲ್ವ ನಿಂಗೆ?"

ಡಾಕ್ಟರ್ ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದರು. ನಕ್ಕರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. ಅಕ್ಕನ ಗುಳ್ಳೆಯ ನೀರು ತಾಗಿದರೆ, ಚಿಕನ್ ಪಾಕ್ಸ್ ಇನ್ನೂ ಬಾರದವರಿಗೆ ಚಿಕನ್ ಪಾಕ್ಸ್ ಬರಬಹುದು. ಬಸುರಿಯರು, ಕೂಸುಗಳು ದೂರ ಇರಲಿ, ಜಾಗ ಮುಚ್ಚಿಡಿ. "ನಿಮ್ಮ ಮಗಳಿಗೆ ಆಗಿಹೋಯ್ತಲ್ಲ, ಅವಳು ಆರಾಮಾಗಿ ಅತ್ತೆ ಜೊತೆ ಇರಬಹುದು."

ಅಂದರೆ, ಅಕ್ಕ ಮನೆಯಲ್ಲೇ ಇದ್ದಿದ್ದರೆ ಇಬ್ಬರಿಗೂ ಏನೂ ಕೆಡುತ್ತಿರಲಿಲ್ಲ. ಬುಧವಾರ ಸಂಜೆಯೇ ಸವಿತಾ ಗುಳ್ಳೆ ನೋಡುತ್ತಿದ್ದಳು. ನಮ್ಮ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ.

ಮನೆಗೆ ಬಂದಾಗ ಅತ್ತೆಯ ಹತ್ತಿರ ಮೈತ್ರಿ ಓಡಿ ಬರಲಿಲ್ಲ. ಮುಂದಿನ ಕೋಣೆಯ ಹೊಸ್ತಿಲಾಚೆ ಕೂತಳು. ಅಕ್ಕ ಕರೆದರೆ ತಲೆ ಅಲ್ಲಾಡಿಸಿದಳು. ಹಕ್ಕಳೆ ಉದುರಿ ಶಾಲೆಗೆ ಹೋಗತೊಡಗಿದ ಮೇಲೂ ಹಾಗೇ. ನಾನು ಪಕ್ಕದಲ್ಲಿ ಕೂತು ವೈರಸ್, ನರ, ನಿದ್ದೆ ಎಂದು ಚಿತ್ರ ಬರೆದು ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅಪ್ಪಾ, ಹಂಗಾದ್ರೆ ಅವತ್ತು ನೀ ಹೇಳಿದ್ದು ಸುಳ್ಳಾ?"

ಗೊತ್ತಿಲ್ಲದೆ ಹೇಳಿದೆ ಎಂದೆ. ಅವಳಿಗೆ ಅದು ಸಾಕಾಗಲಿಲ್ಲ. ಗೊತ್ತಿಲ್ಲದೆ ಮಾತಾಡುವವನು ಈಗ ಮಾತ್ರ ಗೊತ್ತಿದ್ದು ಮಾತಾಡುತ್ತಿದ್ದಾನೆ ಎಂದು ಅವಳಾದರೂ ಹೇಗೆ ನಂಬಬೇಕು?

ಗುಳ್ಳೆ ಒಣಗಿದವು. ನೋವು ಹೋಗಲಿಲ್ಲ. ಇದು ನಾಲ್ಕನೆಯ ತಿಂಗಳು. ನರದ ನೋವಿನ ಮಾತ್ರೆಯಿಂದ ಅಕ್ಕನಿಗೆ ಬೆಳಿಗ್ಗೆ ಹನ್ನೊಂದರವರೆಗೆ ಮಂಪರು. ದಿನಕ್ಕೆ ಮೂರು ರವಿಕೆ ಹೊಲಿಯುತ್ತಿದ್ದವಳು ಈಗ ಮೂರು ದಿನಕ್ಕೆ ಒಂದು ಹೊಲಿಯುತ್ತಾಳೆ. ತನಗೆಂದು ಎಡಬದಿ ಸಡಿಲವಿರುವ, ಒಳಗೆ ಮೆತ್ತನೆಯ ಹಳೆಯ ಮಲ್ ಬಟ್ಟೆ ಕೊಟ್ಟ ಒಂದು ಅಂಗಿ ಹೊಲಿದುಕೊಂಡಿದ್ದಾಳೆ. ಕಮ್ಮಿಯಾಗಬಹುದು ಎನ್ನುತ್ತಾರೆ ಡಾಕ್ಟರ್. ಹೋದ ತಿಂಗಳಿಗಿಂತ ಈ ತಿಂಗಳು ಕಮ್ಮಿ ಎನ್ನುತ್ತಾಳೆ ಅಕ್ಕ. ನನಗೆ ಬೇಸರವಾಗದಿರಲಿ ಎಂದು ಹಾಗೆ ಹೇಳುತ್ತಾಳೋ ಏನೋ. ಕೈ ಎತ್ತುವಾಗ ಅವಳ ಮುಖವನ್ನು ನಾನು ನೋಡುತ್ತೇನೆ. ನೋಡುತ್ತಿದ್ದೇನೆ ಎಂದು ಗೊತ್ತಾದರೆ ಅವಳು ನಗುತ್ತಾಳೆ.

ಹೋದ ಭಾನುವಾರ ಒಬ್ಬನೇ ಹುಂಚಕ್ಕೆ ಹೋಗಿ ಚಿಕ್ಕಮ್ಮನ ಎದುರು ಕೂತೆ. ಗುರುವಾರದ ಫೋನಿನ ಬಗ್ಗೆ ತಪ್ಪಾಯ್ತು ಎಂದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಬಿಡಾ, ಮಣ್ಣಿಂದೆಂತ ವಾಸಿ ಆಗ್ಲಿಲ್ಲ ಬಿಡು" ಎಂದಳು. ಮಗಳ ವಿಷಯ, ಚಿಕ್ಕಂದಿನ ಅಮ್ಮನೇ ಈಗ ಎದ್ದದ್ದೆಂಬ ಡಾಕ್ಟರ ಮಾತು, ಎರಡನ್ನೂ ಹೇಳಿದೆ. ತನ್ನಿಂದಲೇ ಅತ್ತೆಗೆ ಬಂತೆಂದು ಕೂತಿದೆ ಮಗು ಎಂದೆ.

"ಅಯ್ಯೋ, ಆ ಕೂಸಿಂದೆಂತ ತಪ್ಪು? ಅಕ್ಕಂಗೆ ಅವತ್ತು ಅಂಟಿದ್ದು ನಿಂದೇ ಅಲ್ವೇನಾ?" ಎಂದಳು ಚಿಕ್ಕಮ್ಮ. "ನಿಮ್ಮನೇಲಿ ಅಮ್ಮ ಬಂದಿದ್ದು ಮೊದ್ಲು ನಿಂಗೆ. ಎರಡು ವರ್ಷ ಇರ್ಬೇಕು. ನಿಮ್ಮವ್ವ ಎತ್ಕಂಡ್ರೂ ಕಿರುಚ್ತಿದ್ದೆ. ಅಕ್ಕನ ಸೊಂಟ ಬಿಟ್ಟು ಇಳೀತಿರ್ಲಿಲ್ಲ. ನೀ ಎದ್ದು ಓಡಾಡೋ ಹೊತ್ತಿಗೆ ಆ ಹುಡ್ಗಿ ಮಲಗ್ತು. ನಾ ಬಂದು ನಿಂತಿದ್ದೆ ಆಗ, ನಿಮ್ಮವ್ವನ ಜೊತೆ."

ಚಿಕ್ಕಮ್ಮನಿಗೆ ಎಂಬತ್ತರ ಹತ್ತಿರ. ಹಳೆಯ ಸಂಗತಿಗಳು ತಲೆಯಲ್ಲಿ ಹೇಗೆ ಅದಲುಬದಲಾಗುತ್ತವೆ ಎಂಬುದು ಈ ನಾಲ್ಕು ತಿಂಗಳಲ್ಲಿ ನನಗೆ ಗೊತ್ತಾಗಿದೆ. ಹಾಗಾಗಿ ಸಾಗರಕ್ಕೆ ಬಂದು ಅಕ್ಕನನ್ನು ಬೇರೆಯಾಗಿ ಕೇಳಿದೆ. ಚಿಕ್ಕಮ್ಮ ಹೇಳಿದ್ದನ್ನು ಹೇಳಲಿಲ್ಲ. "ನಿಂಗೆ ಅಮ್ಮ ಬಂದಾಗ ಮನೇಲಿ ಇನ್ಯಾರಿಗೆ ಬಂದಿತ್ತು?" ಎಂದಷ್ಟೇ ಕೇಳಿದೆ.

ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನಿಂಗೆ. ನಿಂದು ಮಾಗಿ ವಾರ ಕಳೆದ್ಮೇಲೆ ನಂಗೆ. ಆ ವರ್ಷ ಪರೀಕ್ಷೆಗೆ ಹೋಗ್ಲಿಲ್ಲ ನಾನು. ಯಾಕೀಗ?"

ದಿನಗಳೂ ಸರಿಹೊಂದುತ್ತವೆ. ಒಬ್ಬರಿಂದ ಒಬ್ಬರಿಗೆ ದಾಟಿ ಕಾಣಿಸಿಕೊಳ್ಳಲು ಎರಡು ವಾರದಷ್ಟು ಬೇಕು.

ಹೊಸ್ತಿಲಾಚೆ ಕೂತಿದ್ದ ಮೈತ್ರಿಯನ್ನು ಕರೆದು, ಚಿತ್ರ ಬರೆಯದೆ, ವೈರಸ್ಸಿನ ಮಾತೆತ್ತದೆ ಹೇಳಿದೆ. ಈ ಸಲ ಇಬ್ಬರನ್ನು ಕೇಳಿ ತಿಳಿದುಕೊಂಡು ಹೇಳುತ್ತಿದ್ದೇನೆ ಎಂದೆ. ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಹೌದಾ ಅತ್ತೆ?" ಎಂದಳು. ಅಕ್ಕ ಹೌದೆಂದು ತಲೆಯಾಡಿಸಿದಳು.

ಪಕ್ಕೆಯ ಮಾತು ಶನಿವಾರದ್ದೋ ಸೋಮವಾರದ್ದೋ ನನಗಿನ್ನೂ ಗೊತ್ತಿಲ್ಲ. ಇದೊಂದು ಗೊತ್ತು. ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಚಿಕನ್ ಪಾಕ್ಸ್ ಬಂದಿತ್ತು. ಅವಳಿಗೆ ಅದನ್ನು ಅಂಟಿಸಿದ ಮಗು ನಾನು.